ಪದವಿ ಹೋದಾಗ ಪದವೂ ಹೋಯಿತು

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಹೊರತಂದ ಇಂಗ್ಲಿಷ್ ನಿಘಂಟಿನಲ್ಲಿ ‘ಮಿಸ್ಟ್ರೆಸ್’ ಎಂಬ ಪದಕ್ಕೆ ಆರು ಅರ್ಥಗಳಿವೆ. ಮೊದಲನೆಯದು ಆಳುವ ಹೆಂಗಸು, ಅಂದರೆ ಒಡತಿ. ಎರಡನೆಯದು ಯಾವುದಾದರೊಂದು ವಿದ್ಯೆಯಲ್ಲಿ ನುರಿತವಳು. ಮೂರನೆಯದು ಪಾಠ ಹೇಳುವವಳು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವಳು ಗಂಡಸೊಬ್ಬ ಮೆಚ್ಚಿ ಒಲಿಸಿಕೊಳ್ಳಲು ಹಂಬಲಿಸುವ ಹೆಣ್ಣಾಗಿರುತ್ತಾಳೆ. ಐದನೆಯದು ತಾತ್ಸಾರದಿಂದ ಕೂಗುವ ಮಾತು. ಆರನೆಯದು ವೇಶ್ಯೆ, ಇಲ್ಲವೇ ಇಟ್ಟುಕೊಂಡವಳು. ಮದುವೆಯ ಸುದ್ದಿ ಈ ಆರರಲ್ಲಿ ಎಲ್ಲೂ ಇಲ್ಲ. ಇವತ್ತು ಒಬ್ಬಾತನ ‘ಮಿಸ್ಟ್ರೆಸ್’ ಎಂದರೆ ಇಂಗ್ಲಿಷ್ ಬಲ್ಲವರ ಮನಸ್ಸಿಗೆ ಮೊದಲು ಬರುವುದು ಆ ಕೊನೆಯ ಅರ್ಥವೇ. ಅದರ ಜೋಡಿಯಾಗಿ ಹುಟ್ಟಿದ ‘ಮಾಸ್ಟರ್’ ಮಾತ್ರ ಚದುರಂಗದಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗಿ, ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಪದವಿಯಾಗಿ, ಶಾಲೆಯಲ್ಲಿ ಹೆಡ್‌ಮಾಸ್ಟರ್ ಆಗಿ ತಲೆಯೆತ್ತಿಕೊಂಡೇ ಇದೆ. ಇಬ್ಬರೂ ಫ್ರೆಂಚಿನ ದಾರಿಯಾಗಿ ಒಂದೇ ಲ್ಯಾಟಿನ್ ಮೂಲದಿಂದ ಬಂದವರು. ಒಬ್ಬರು ಉಳಿದು ಇನ್ನೊಬ್ಬರು ಕುಸಿದದ್ದು ಏಕೆ?

ಅಮೆರಿಕದ ಭಾಷಾವಿದ್ವಾಂಸೆ ಮ್ಯೂರಿಯಲ್ ಶುಲ್ಜ್ 1975ರಲ್ಲಿ ಇಂಥ ಜೋಡಿಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ಗವರ್ನರ್ ಮತ್ತು ಗವರ್ನೆಸ್, ಸರ್ ಮತ್ತು ಮೇಡಂ, ಲಾರ್ಡ್ ಮತ್ತು ಲೇಡಿ, ಮಾಸ್ಟರ್ ಮತ್ತು ಮಿಸ್ಟ್ರೆಸ್. ಪ್ರತಿ ಜೋಡಿಯಲ್ಲೂ ಗಂಡಸಿನ ಪದ ಹೆಚ್ಚು ಕಡಿಮೆ ಇದ್ದಲ್ಲೇ ಇದೆ, ಹೆಂಗಸಿನ ಪದ ಇಳಿದಿದೆ, ಹಲವು ಸಲ ಹಾಸಿಗೆಯ ತನಕ ಇಳಿದಿದೆ. ಇದರ ಹಿಂದೆ ಗಂಡಸರ ಪೂರ್ವಗ್ರಹವನ್ನು ಅವರು ಕಂಡರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪೂರ್ವಗ್ರಹವೊಂದೇ ಕಾರಣವಾಗಿದ್ದರೆ ಎಲ್ಲ ಪದಗಳೂ ಒಂದೇ ಸಮನಾಗಿ ಇಳಿಯಬೇಕಿತ್ತು. ‘ಕ್ವೀನ್’ ಸಿಂಹಾಸನದಿಂದ ಇಳಿಯಲಿಲ್ಲ. ‘ಡಚೆಸ್’, ‘ಕೌಂಟೆಸ್’ ಕೆಡಲಿಲ್ಲ. ‘ಡೇಮ್’ ಒಂದು ದೇಶದಲ್ಲಿ ಬಿದ್ದು ಇನ್ನೊಂದು ದೇಶದಲ್ಲಿ ಎದ್ದಿತು. ಈ ಏರುಪೇರನ್ನು ನೋಡಿದರೆ ಕಾರಣ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ: ಹಿಂದೆ ಕಾನೂನಿನ ಅಧಿಕಾರವೋ ಆಸ್ತಿಯೋ ನಿಂತಿದ್ದ ಪದ ಉಳಿಯಿತು, ಬರಿಯ ಉಪಚಾರದ ಮೇಲೆ ನಿಂತದ್ದು ಬಿತ್ತು. ಪದವಿ ಕಳೆದುಕೊಂಡ ಮೇಲೆ ಪದವೂ ಮರ್ಯಾದೆ ಕಳೆದುಕೊಂಡಿತು.

‘ಲೇಡಿ’ಯಿಂದಲೇ ಶುರುಮಾಡಬಹುದು. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲಾರ್ಥ ರೊಟ್ಟಿಯ ಹಿಟ್ಟು ನಾದುವವಳು. ‘ಲಾರ್ಡ್’ ಎಂದರೆ ರೊಟ್ಟಿಯನ್ನು ಕಾಯುವವನು. ಮನೆಮಂದಿಗೆಲ್ಲ ಅನ್ನ ಹಾಕುವ ಯಜಮಾನ ಮತ್ತು ಯಜಮಾನಿ, ಸರಿಸಮನಾದ ಜೋಡಿ. ಆ ಸಮಾನತೆ ಮನೆಯೊಳಗೇ ಉಳಿದಿರಲಿಲ್ಲ. ಆಲ್ಫ್ರೆಡ್ ದೊರೆಯ ಮಗಳು ಎಥೆಲ್‌ಫ್ಲೆಡ್‌ಳ ಗಂಡ ಮರ್ಸಿಯಾ ಸೀಮೆಯ ‘ಲಾರ್ಡ್’ ಆಗಿದ್ದ. ಅವನು 911ರಲ್ಲಿ ತೀರಿಕೊಂಡ ಮೇಲೆ ಆಕೆಯೇ ಆಡಳಿತ ಹಿಡಿದಳು. ಸ್ಟಾಫರ್ಡ್, ವಾರ್ವಿಕ್ ಮುಂತಾದೆಡೆ ಕೋಟೆ ಕಟ್ಟಿಸಿ, 917ರಲ್ಲಿ ಡೇನರ ಕೈಯಿಂದ ಡರ್ಬಿಯನ್ನು ಗೆದ್ದು, ಮರುವರ್ಷ ಲೆಸ್ಟರ್ ಪಟ್ಟಣ ತಾನಾಗಿ ಶರಣಾಗುವಂತೆ ಮಾಡಿದಳು. ಆಂಗ್ಲೋ ಸ್ಯಾಕ್ಸನ್ ವೃತ್ತಾಂತ ಆಕೆಯನ್ನು ಕರೆಯುವುದು ‘ಮರ್ಸಿಯನ್ನರ ಲೇಡಿ’ ಎಂದು. ಅಲ್ಲಿ ಆ ಪದಕ್ಕೆ ಸೌಜನ್ಯವಂತೆ, ನಯವಂತೆ ಎಂಬ ಅರ್ಥದ ನೆರಳೂ ಇಲ್ಲ. ಸೇನೆ ನಡೆಸುವ ಒಡತಿ ಎಂಬುದೇ ಅರ್ಥ. 1141ರಲ್ಲಿ ಕಿರೀಟಕ್ಕಾಗಿ ಹೋರಾಡಿದ ಮಟಿಲ್ಡಾ ಕೂಡ ‘ಇಂಗ್ಲಿಷರ ಲೇಡಿ’ ಎಂಬರ್ಥದ ಲ್ಯಾಟಿನ್ ಬಿರುದನ್ನೇ ಹೊತ್ತಳು. ಅದೇ ಪದ ಇವತ್ತು ಶೌಚಾಲಯದ ಬಾಗಿಲ ಮೇಲಿದೆ. ಬೆಂಗಳೂರಿನ ಲೇಡಿ ಕರ್ಜನ್ ಆಸ್ಪತ್ರೆಯ ಹೆಸರಿನಲ್ಲಿರುವ ‘ಲೇಡಿ’ ಕೂಡ ಗಂಡ ಲಾರ್ಡ್ ಆಗಿದ್ದುದರಿಂದ ಬಂದದ್ದು. ಆಕೆ ಷಿಕಾಗೊದ ವರ್ತಕರೊಬ್ಬರ ಮಗಳು.

ನನ್ನ ಮಾತಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಕ್ರೈಸ್ತ ಮಠಗಳಲ್ಲಿ ಸಿಗುತ್ತದೆ. ಸನ್ಯಾಸಿನಿಯರ ಮಠದ ಮುಖ್ಯಸ್ಥೆಗೆ ‘ಆಬೆಸ್’ ಎನ್ನುತ್ತಿದ್ದರು. ಏಳನೆಯ ಶತಮಾನದ ಹಿಲ್ಡ್ ಎಂಬಾಕೆ ವಿಟ್ಬಿಯಲ್ಲಿ ನಡೆಸುತ್ತಿದ್ದ ಮಠದಲ್ಲಿ ಸನ್ಯಾಸಿನಿಯರಷ್ಟೇ ಅಲ್ಲ, ಸನ್ಯಾಸಿಗಳೂ ಆಕೆಯ ಆಜ್ಞೆಗೆ ಒಳಪಟ್ಟಿದ್ದರು. ಇಂಗ್ಲೆಂಡಿನ ಚರ್ಚು ಯಾವ ಸಂಪ್ರದಾಯವನ್ನು ಅನುಸರಿಸಬೇಕೆಂದು ನಿರ್ಧರಿಸಿದ 664ರ ಸಭೆ ನಡೆದದ್ದು ಆಕೆಯ ಮಠದಲ್ಲೇ. ಅಲ್ಲಿ ಓದಿದವರಲ್ಲಿ ಐವರು ಬಿಷಪ್‌ಗಳಾದರು. ಮುಂದೆ ನಡುಯುಗದಲ್ಲಿ ಶಾಫ್ಟ್ಸ್‌ಬರಿ, ವಿಲ್ಟನ್, ಬಾರ್ಕಿಂಗ್, ವಿಂಚೆಸ್ಟರ್ ಮಠಗಳ ಮುಖ್ಯಸ್ಥೆಯರು ದೊರೆಯಿಂದ ನೇರವಾಗಿ ಭೂಮಿ ಪಡೆದು, ಬ್ಯಾರನ್ನರ ಸಮಕ್ಕೆ ಜಹಗೀರು ನಡೆಸಿದರು. ಕಂದಾಯ ಎತ್ತುತ್ತಿದ್ದರು, ನ್ಯಾಯ ಹೇಳುತ್ತಿದ್ದರು. ಯಾವ ಗಂಡನ ಹೆಸರಿನ ಆಸರೆಯೂ ಇಲ್ಲದೆ, ಯಾವ ತಂದೆಯ ಬಿರುದೂ ಬೇಕಿಲ್ಲದೆ, ಸಹಸನ್ಯಾಸಿನಿಯರ ಆಯ್ಕೆಯಿಂದ ಒಬ್ಬ ಹೆಂಗಸು ಇಂಗ್ಲೆಂಡಿನಲ್ಲಿ ಪಡೆಯಬಹುದಾಗಿದ್ದ ಅತಿ ದೊಡ್ಡ ಪದವಿ ಅದು. 1536ರಿಂದ 1540ರೊಳಗೆ ಎಂಟನೆಯ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ಮುಟ್ಟುಗೋಲು ಹಾಕಿಕೊಂಡ. ಪದವಿ ಅಳಿಯಿತು, ಪದ ಅನಾಥವಾಗಿ ಉಳಿಯಿತು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಪ್ರಕಟಿಸಿದ ಬೀದಿಮಾತಿನ ನಿಘಂಟಿನಲ್ಲಿ ‘ಆಬೆಸ್’ ಎಂದರೆ ವೇಶ್ಯಾಗೃಹದ ಯಜಮಾನಿ ಎಂಬ ಅರ್ಥ ಬಂದು ಕೂತಿದೆ. ಇದು ಕ್ಯಾಥೊಲಿಕ್ ಮತದ ಮೇಲಿನ ಪ್ರಾಟೆಸ್ಟಂಟರ ಹಗೆ, ಹೆಂಗಸರ ಮೇಲಿನದಲ್ಲ ಎಂದು ವಾದಿಸಬಹುದು. ಹಗೆ ಇತ್ತು, ನಿಜ. ಆದರೆ ಅದೇ ಹಳೆಯ ಚರ್ಚಿನ ಬಿಷಪ್, ಡೀನ್ ಪದಗಳಿಗೆ ಆ ಗತಿ ಬರಲಿಲ್ಲ. ಆ ಪೀಠಗಳು ಹೊಸ ಚರ್ಚಿನಲ್ಲೂ ಉಳಿದವು, ಅವುಗಳಲ್ಲಿ ಕೂತವರಿಗೆ ಗದ್ದೆಯ ಆದಾಯವೂ ಬಿಷಪ್‌ಗಳಿಗೆ ಸಂಸತ್ತಿನಲ್ಲಿ ಜಾಗವೂ ಇತ್ತು. ಹೆಂಗಸರಿಗೆ ಮಾತ್ರ ಚರ್ಚಿನಲ್ಲಿ ಒಂದು ಪೀಠವೂ ಉಳಿಯಲಿಲ್ಲ.

ಇದಕ್ಕೆ ಎದುರು ಸಾಕ್ಷಿ ‘ಕ್ವೀನ್’. ಹಳೆಯ ಇಂಗ್ಲಿಷಿನಲ್ಲಿ ಹೆಂಗಸು, ಹೆಂಡತಿ ಎಂಬರ್ಥದ ಎರಡು ಪದಗಳಿದ್ದವು, ಒಂದೇ ಬೇರಿನವು, ಸಂಸ್ಕೃತದ ‘ಜನಿ’ ಎಂಬ ಪದಕ್ಕೂ ದೂರದ ನೆಂಟರು. ಒಂದು ಅರಮನೆ ಸೇರಿತು, ಇನ್ನೊಂದು ಸಂತೆಬೀದಿಯಲ್ಲಿ ಉಳಿಯಿತು. ಕಾಲಾಂತರದಲ್ಲಿ ಎರಡರ ಉಚ್ಚಾರವೂ ‘ಕ್ವೀನ್’ ಎಂದೇ ಆಯಿತು, ಒಂದಕ್ಷರದ ವ್ಯತ್ಯಾಸ ಬರಹದಲ್ಲಷ್ಟೇ. ಅರಮನೆಯ ಪದಕ್ಕೆ ರಾಣಿ ಎಂಬ ಅರ್ಥ, ಬೀದಿಯ ಪದಕ್ಕೆ ನಡತೆಗೆಟ್ಟವಳು ಎಂಬ ಅರ್ಥ. ಹಾಗಿದ್ದರೂ ರಾಣಿ ಎಂದರೆ ಬಹುಕಾಲ ರಾಜನ ಹೆಂಡತಿಯೇ. 1553ರಲ್ಲಿ ಮೊದಲನೆಯ ಮೇರಿ ಸ್ವಂತ ಹಕ್ಕಿನಿಂದ ಪಟ್ಟವೇರಿದಾಗ, ಕಾನೂನಿನಲ್ಲೆಲ್ಲ ‘ರಾಜ’ ಎಂದಿರುವಾಗ ಈಕೆಗೆ ಆ ಅಧಿಕಾರವೆಲ್ಲ ಇದೆಯೇ ಎಂಬ ಪ್ರಶ್ನೆ ಎದ್ದಿತು. ಸ್ಪೇನಿನ ಯುವರಾಜ ಫಿಲಿಪ್ಪನ ಜೊತೆ ಆಕೆಯ ಮದುವೆ ಬೇರೆ ಗೊತ್ತಾಗಿತ್ತು. 1554ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿ, ಈ ದೇಶದ ದೊರೆಗಳಿಗಿದ್ದ ಅಧಿಕಾರವೆಲ್ಲ ಗಂಡಾಗಲಿ ಹೆಣ್ಣಾಗಲಿ ಸಿಂಹಾಸನದಲ್ಲಿರುವವರಿಗೆ ಸಮಾನವಾಗಿ ಸಲ್ಲುತ್ತದೆ ಎಂದು ವಿಧಿಸಿತು. ‘ಕ್ವೀನ್’ ಪದಕ್ಕೆ ಅಂದು ಸಿಕ್ಕ ಕಾನೂನಿನ ಬಲ ಇಂಗ್ಲಿಷಿನಲ್ಲಿ ಬೇರಾವ ಹೆಂಗಸಿನ ಪದಕ್ಕೂ ಸಿಗಲಿಲ್ಲ. ಐದು ವರ್ಷಗಳ ನಂತರ ಎಲಿಜಬೆತ್ ಚರ್ಚಿನ ‘ಪರಮ ಗವರ್ನರ್’ ಎನಿಸಿಕೊಂಡಳು. ಗವರ್ನೆಸ್ ಎನ್ನಲಿಲ್ಲ ಎಂಬುದನ್ನು ಗಮನಿಸಬೇಕು.

ಏಕೆಂದರೆ ಆ ಕಾಲದಲ್ಲಿ ‘ಗವರ್ನೆಸ್’ ಕೂಡ ಕೀಳು ಪದವಾಗಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ನೆದರ್ಲೆಂಡ್ಸ್ ಸೀಮೆಯನ್ನು ಆಳಿದ ಆಸ್ಟ್ರಿಯದ ಮಾರ್ಗರೆಟ್, ಪಾರ್ಮಾದ ಮಾರ್ಗರೆಟ್ ಅಂಥವರಿಗೆ ಇಂಗ್ಲಿಷಿನಲ್ಲಿ ಆ ಹೆಸರು ಸಲ್ಲುತ್ತಿತ್ತು. ಇಂಗ್ಲೆಂಡಿನಲ್ಲಿ ಅಂಥ ಹುದ್ದೆ ಹೆಂಗಸರಿಗೆ ಇರಲಿಲ್ಲವಾದ್ದರಿಂದ ಪದ ಶ್ರೀಮಂತರ ಮನೆಯ ಮಕ್ಕಳ ಕೋಣೆಗೆ ಸರಿಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಗವರ್ನೆಸ್ ಎಂದರೆ ಆಳುಗಳ ಜೊತೆ ಕೂರಲಾಗದ, ಯಜಮಾನರ ಜೊತೆಯೂ ಕೂರಲಾಗದ, ವಯಸ್ಸಾದ ಮೇಲೆ ಗತಿಯಿಲ್ಲದ ಬಡ ವಿದ್ಯಾವಂತೆ. ಅವರ ಸಂಕಟ ಎಷ್ಟಿತ್ತೆಂದರೆ 1843ರಲ್ಲಿ ಅವರಿಗಾಗಿಯೇ ಲಂಡನ್ನಿನಲ್ಲಿ ಒಂದು ಪರಿಹಾರ ಸಂಸ್ಥೆ ಹುಟ್ಟಬೇಕಾಯಿತು. ಷಾರ್ಲೆಟ್ ಬ್ರಾಂಟಿಯ ಗವರ್ನೆಸ್ ಕಾದಂಬರಿ ‘ಜೇನ್ ಏರ್’ ಬಂದದ್ದು ಅದಾದ ನಾಲ್ಕು ವರ್ಷಕ್ಕೆ. ಆಮೇಲೆ 1925ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ನೆಲ್ಲಿ ಟೇಲೊ ರಾಸ್ ಅಧಿಕಾರ ವಹಿಸಿಕೊಂಡಾಗ ಆಕೆ ಗವರ್ನರ್. 1947ರಲ್ಲಿ ಸಂಯುಕ್ತ ಪ್ರಾಂತಕ್ಕೆ ಬಂದ ಸರೋಜಿನಿ ನಾಯ್ಡು ಗವರ್ನರ್, 1999ರಲ್ಲಿ ಕರ್ನಾಟಕಕ್ಕೆ ಬಂದ ವಿ.ಎಸ್. ರಮಾದೇವಿ ಗವರ್ನರ್. ನಿಜವಾದ ಅಧಿಕಾರ ಮರಳಿ ಬಂದಾಗ, ಅದಕ್ಕೆಂದೇ ಇದ್ದ ಸ್ತ್ರೀಲಿಂಗದ ಪದ ಉಡುಗಿಹೋಗಿತ್ತು. ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1895ರಿಂದ 1902ರ ತನಕ ಮಗನ ಪರವಾಗಿ ರಾಜ್ಯವಾಳಿದಾಗ ಸರ್ಕಾರಿ ಕಾಗದಗಳಲ್ಲಿ ಅವರು ‘ರೀಜೆಂಟ್’. ಗಂಡಿಗೂ ಹೆಣ್ಣಿಗೂ ಒಂದೇ ಆಗಿದ್ದ ಆ ಪದ ಅವರ ಅಧಿಕಾರವನ್ನು ಇದ್ದಂತೆ ಹೇಳಿತು.

ಗಂಡಸರ ಪದಗಳೂ ಬಿದ್ದಿವೆಯಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಏಳಲೇಬೇಕು. ‘ನೇವ್’ ಎಂದರೆ ಮೊದಲು ಹುಡುಗ, ಆಮೇಲೆ ಮೋಸಗಾರ. ‘ವಿಲನ್’ ಎಂದರೆ ಜಮೀನಿನಲ್ಲಿ ದುಡಿಯುವ ಜೀತಗಾರ, ನಮ್ಮ ಸಿನಿಮಾದ ಖಳನಾಯಕ ಆದದ್ದು ಎಷ್ಟೋ ಆಮೇಲೆ. ‘ಚರ್ಲ್’, ‘ಬೂರ್’ ಎಂಬವು ಒಕ್ಕಲು ಮಕ್ಕಳ ಹೆಸರುಗಳು, ಈಗ ಒರಟರ ಹೆಸರುಗಳು. ಆದರೆ ಈ ಪಟ್ಟಿಯಲ್ಲಿ ಒಬ್ಬ ದೊರೆಯೂ ಇಲ್ಲ, ಒಬ್ಬ ಲಾರ್ಡೂ ಇಲ್ಲ. ಎಲ್ಲರೂ ಆಸ್ತಿಯಿಲ್ಲದವರು, ಅಧಿಕಾರವಿಲ್ಲದವರು. ಅವರ ಪದಗಳು ಬಿದ್ದದ್ದು ನನ್ನ ವಾದಕ್ಕೆ ವಿರುದ್ಧವಲ್ಲ, ಅದಕ್ಕೆ ಪೋಷಕ. ಅಧಿಕಾರ ಸಿಕ್ಕಿದ ಗಂಡಾಳಿನ ಪದಗಳೋ ಮೇಲೇರಿವೆ: ‘ನೈಟ್’ ಎಂದರೆ ಮೊದಲು ಹುಡುಗ, ಸೇವಕ, ಯುದ್ಧಕ್ಕೆ ಕುದುರೆಯೂ ಜಮೀನೂ ಸಿಕ್ಕಿದ ಮೇಲೆ ವೀರಪದವಿ. ‘ಮಾರ್ಷಲ್’ ಎಂದರೆ ಕುದುರೆ ನೋಡಿಕೊಳ್ಳುವವನು. ಇಂದು ಕೊಡಗಿನ ಕಾರ್ಯಪ್ಪನವರ ಹೆಸರಿನ ಮುಂದೆ ಫೀಲ್ಡ್ ಮಾರ್ಷಲ್ ಆಗಿ ನಿಂತಿರುವ ಪದವೇ ಅದು. ಲಾಯದಲ್ಲಿದ್ದವನ ಪದ ಸೇನೆಯ ತುದಿಗೆ ಏರಿದಾಗ, ಮನೆಯನ್ನೂ ಮಠವನ್ನೂ ಆಳುತ್ತಿದ್ದವಳ ಪದ ಬೀದಿಗೆ ಇಳಿಯಿತು.

ಇನ್ನೊಂದು ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ಸಮಾಜ ಸಮಾನತೆಯ ಕಡೆಗೆ ಸಾಗಿದಂತೆ ಮರ್ಯಾದೆಯ ಪದಗಳನ್ನು ಎಲ್ಲರಿಗೂ ಹಂಚುತ್ತಾರೆ, ಹಂಚಿದಷ್ಟೂ ಬೆಲೆ ಇಳಿಯುತ್ತದೆ. ‘ಲೇಡಿ’, ‘ಮೇಡಂ’ಗಳಿಗೆ ಆದದ್ದು ಅಷ್ಟೇ, ‘ಜಂಟಲ್‌ಮನ್’, ‘ಸರ್’ಗಳಿಗೂ ಅದೇ ಆಗಿದೆ ಎನ್ನುತ್ತಾರೆ. ಅರ್ಧ ನಿಜ. ಬ್ಯಾಂಕಿನ ಕೌಂಟರಿನಲ್ಲೂ ಪೊಲೀಸು ಠಾಣೆಯಲ್ಲೂ ಎಲ್ಲರೂ ಸರ್ ಆಗಿದ್ದಾರೆ. ಆದರೆ ಹಂಚಿಕೆಯಿಂದ ಪದ ತೆಳುವಾಗಬಹುದು, ಹೊಲಸಾಗಬೇಕಿಲ್ಲ. ‘ಸರ್’ ತೆಳುವಾಯಿತಷ್ಟೇ. ‘ನನ್ನ ಒಡತಿ’ ಎಂಬ ಫ್ರೆಂಚ್ ಮಾತಿನಿಂದ ಬಂದ ‘ಮೇಡಂ’ ವೇಶ್ಯಾಗೃಹದ ಒಡತಿಯ ಹೆಸರೂ ಆಯಿತು. ಹಂಚಿಕೆಯ ವಾದ ಈ ವ್ಯತ್ಯಾಸವನ್ನು ವಿವರಿಸಲಾರದು. ಹೆಂಗಸು ದುಡ್ಡಿನ ವ್ಯವಹಾರ ನಡೆಸಿ ನಾಲ್ಕು ಜನರ ಮೇಲೆ ಅಧಿಕಾರ ಚಲಾಯಿಸಬಹುದಾದ ಜಾಗಗಳೇ ವಿರಳವಾಗಿದ್ದ ಸಮಾಜದಲ್ಲಿ, ಅಂಥ ಒಂದು ಜಾಗ ವೇಶ್ಯಾಗೃಹವಾಗಿತ್ತು. ಖಾಲಿ ಬಿದ್ದ ಬಿರುದುಗಳು ಅಲ್ಲಿಗೆ ಹೋಗಿ ಸೇರಿದವು ಎಂದೇ ನನಗನ್ನಿಸುತ್ತದೆ.

‘ಡೇಮ್’ ಎಂಬ ಪದದ ಚರಿತ್ರೆಯಂತೂ ಈ ವಾದವನ್ನು ಒರೆಗೆ ಹಚ್ಚಲೆಂದೇ ನಡೆದಂತಿದೆ. ಲ್ಯಾಟಿನ್ನಿನಲ್ಲಿ ಮನೆಯೊಡತಿ ಎಂಬರ್ಥದ ಪದದಿಂದ ಬಂದ ಅದು ಹಿಂದೆ ದೊಡ್ಡ ಮನೆತನದ ಹೆಂಗಸರ ಬಿರುದಾಗಿತ್ತು, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಮುದುಕಿ ಎಂಬಲ್ಲಿಗೆ ಬಂದಿತ್ತು. 1917ರಲ್ಲಿ ಐದನೆಯ ಜಾರ್ಜ್ ಬ್ರಿಟಿಷ್ ಸಾಮ್ರಾಜ್ಯದ ಹೆಸರಿನ ಹೊಸ ಗೌರವವರ್ಗವನ್ನು ಸ್ಥಾಪಿಸಿ, ಗಂಡಸರಿಗೆ ‘ಸರ್’ ಇರುವಂತೆ ಹೆಂಗಸರಿಗೆ ‘ಡೇಮ್’ ಎಂದು ಗೊತ್ತುಮಾಡಿದ. ಮರುವರ್ಷ ಗಾಯಕಿ ನೆಲ್ಲಿ ಮೆಲ್ಬಾ ಡೇಮ್ ಆದಳು. ಅಲ್ಲಿಂದ ಬ್ರಿಟನ್ನಿನಲ್ಲಿ ವಿಜ್ಞಾನಿಗಳು, ನಟಿಯರು, ನ್ಯಾಯಾಧೀಶೆಯರು ಆ ಪದವನ್ನು ಸ್ವಂತ ಸಾಧನೆಯ ಗುರುತಾಗಿ ಹೆಸರಿನ ಮುಂದೆ ಇಟ್ಟುಕೊಂಡಿದ್ದಾರೆ. ಅಂಥ ರಾಜಗೌರವವಿಲ್ಲದ ಅಮೆರಿಕದಲ್ಲಿ ಅದೇ ಪದ ಪತ್ತೇದಾರಿ ಕತೆ, ಸಿನಿಮಾಗಳಲ್ಲಿ ಹೆಣ್ಣನ್ನು ಹಗುರವಾಗಿ ಕರೆಯುವ ಮಾತಾಯಿತು. ಪದ ಒಂದೇ, ಕಾಲ ಒಂದೇ, ಪೂರ್ವಗ್ರಹವೂ ಎರಡು ಕಡೆ ಹೆಚ್ಚು ಕಡಿಮೆ ಒಂದೇ. ಒಂದು ಕಡೆ ರಾಜಾಜ್ಞೆಯ ಬೆಂಬಲವಿತ್ತು, ಇನ್ನೊಂದು ಕಡೆ ಇರಲಿಲ್ಲ. ಬ್ರಿಟನ್ನಿನ ಪ್ಯಾಂಟೊಮೈಮ್ ನಾಟಕಗಳಲ್ಲಿ ಗಂಡಸು ಮುದುಕಿಯ ವೇಷ ಹಾಕುವ ಪಾತ್ರಕ್ಕೆ ಈಗಲೂ ‘ಡೇಮ್’ ಎನ್ನುತ್ತಾರೆ, ಹೌದು. ಆ ನಗೆಪಾತ್ರ ಪಕ್ಕದಲ್ಲೇ ಇದ್ದೂ ಬಿರುದಿಗೆ ಕುಂದು ಬರಲಿಲ್ಲ.

‘ಮಿಸೆಸ್’ ಪದದ ಇಳಿತ ಬೇರೆ ಬಗೆಯದು, ಅಲ್ಲಿ ಕೊಳಕಿಲ್ಲ, ಆದರೆ ನಷ್ಟ ದೊಡ್ಡದು. ಮಿಸೆಸ್, ಮಿಸ್, ಮಿಜ್ ಮೂರೂ ಮಿಸ್ಟ್ರೆಸ್ ಎಂಬ ಪದದಿಂದ ಬಂದವು. ಕೇಂಬ್ರಿಜ್‌ನ ಇತಿಹಾಸಕಾರ್ತಿ ಏಮಿ ಎರಿಕ್ಸನ್ ದಾಖಲೆಗಳನ್ನು ಜಾಲಾಡಿ 2014ರಲ್ಲಿ ತೋರಿಸಿದಂತೆ, ಹದಿನೆಂಟನೆಯ ಶತಮಾನದಲ್ಲಿ ಮಿಸೆಸ್ ಎಂದರೆ ಗಂಡನಿದ್ದವಳು ಎಂದಾಗಿರಲಿಲ್ಲ. ಅಂಗಡಿ ಇಟ್ಟವಳು, ಕಸುಬುದಾರರನ್ನು ಕೆಲಸಕ್ಕಿಟ್ಟುಕೊಂಡವಳು, ನಾಲ್ಕು ಜನರಲ್ಲಿ ಸ್ಥಾನಮಾನ ಇದ್ದವಳು ಮಿಸೆಸ್, ಮದುವೆಯಾಗಿರಲಿ, ಆಗದಿರಲಿ. ಆದರೆ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ, ಆಕೆಯ ಗಳಿಕೆ ಆತನದು. ಆ ತರ್ಕ ನಿಧಾನವಾಗಿ ಹೆಸರಿಗೂ ಹಬ್ಬಿ, ‘ಮಿಸೆಸ್ ಜಾನ್ ಇಂಥವರು’ ಎಂದು ಗಂಡನ ಪೂರ್ತಿ ಹೆಸರನ್ನೇ ಹೆಂಡತಿಗೆ ತೊಡಿಸುವ ರೂಢಿ ಬಂತು. 1870 ಮತ್ತು 1882ರ ಕಾಯಿದೆಗಳು ವಿವಾಹಿತೆಗೆ ಆಸ್ತಿಹಕ್ಕು ಕೊಡುವ ಹೊತ್ತಿಗೆ ಪದ ಪೂರ್ತಿ ಮದುವೆಯ ಪಾಲಾಗುತ್ತಿತ್ತು. 1984ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಜೆರಾಲ್ಡೀನ್ ಫೆರಾರೊ ತವರಿನ ಹೆಸರನ್ನೇ ಇಟ್ಟುಕೊಂಡಿದ್ದರು. ಗಂಡನ ಹೆಸರು ಜಕ್ಕಾರೊ. ಮಿಸ್ ಎಂದರೆ ತಪ್ಪು, ಮಿಸೆಸ್ ಎಂದರೂ ತಪ್ಪು. ನ್ಯೂಯಾರ್ಕ್ ಟೈಮ್ಸ್ ಹಟ ಹಿಡಿದು ಮಿಸೆಸ್ ಎಂದೇ ಬರೆದು, 1986ರಲ್ಲಿ, ಮದುವೆಯ ಸುಳಿವು ಕೊಡದ ಮಿಜ್ ಪದವನ್ನು ಒಪ್ಪಿಕೊಂಡಿತು. ಪದಗಳ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ, ಅಧಿಕಾರ ಬಂದರೆ ಪದ ತಾನಾಗಿ ಹಿಂದೆ ಬರುವುದಿಲ್ಲವೆ ಎನ್ನುವವರಿಗೆ ಇದೇ ಉತ್ತರ: ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕಾಗುತ್ತದೆ. ಕರ್ನಾಟಕದ ಶಾಲೆಗಳಲ್ಲಿ ಮಾತ್ರ, ಮೂರು ಮಕ್ಕಳ ತಾಯಿಯಾದ ಶಿಕ್ಷಕಿಯೂ ಮಕ್ಕಳಿಗೆ ‘ಮಿಸ್’; ಹೆಡ್‌ಮಿಸ್ಟ್ರೆಸ್ ಇನ್ನೂ ಶಾಲೆಯ ಒಡತಿ. ಜಾನ್ಸನ್ನನ ಮೊದಲ ಮೂರು ಅರ್ಥಗಳು ಇಲ್ಲಿ ಜೀವಂತವಾಗಿವೆ.

ಪದವಿ ಮರಳಿದರೆ ಪದ ಏಳುತ್ತದೆ ಎಂಬುದಕ್ಕೆ ನಮ್ಮ ಕಾಲವೇ ಸಾಕ್ಷಿ. 1988ರಲ್ಲಿ ಎಲಿಜಬೆತ್ ಬಟ್ಲರ್ ಸ್ಲಾಸ್ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಾಧೀಶರಾದಾಗ ಕಾನೂನಿನಲ್ಲಿ ಇದ್ದದ್ದು ‘ಲಾರ್ಡ್ ಜಸ್ಟಿಸ್’ ಎಂಬ ಒಂದೇ ಪದನಾಮ. ಆಕೆ ಕೆಲವು ವರ್ಷ ಲಾರ್ಡ್ ಆಗಿಯೇ ಇರಬೇಕಾಯಿತು. 2023ರ ಅಕ್ಟೋಬರಿನಲ್ಲಿ ಸ್ಯೂ ಕಾರ್ ಇಂಗ್ಲೆಂಡ್ ಮತ್ತು ವೇಲ್ಸಿನ ನ್ಯಾಯಾಂಗದ ಮುಖ್ಯಸ್ಥೆಯಾದಾಗ ಆಕೆಯ ಪದನಾಮ ‘ಲೇಡಿ ಚೀಫ್ ಜಸ್ಟಿಸ್’. 1992ರಲ್ಲಿ ಬೆಟ್ಟಿ ಬೂತ್‌ರಾಯ್ಡ್ ಬ್ರಿಟಿಷ್ ಕಾಮನ್ಸ್ ಸಭೆಯ ಮೊದಲ ಮಹಿಳಾ ಸ್ಪೀಕರ್ ಆಗಿ ‘ಮೇಡಂ ಸ್ಪೀಕರ್’ ಎನಿಸಿಕೊಂಡರು. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಜ್ಯೋತಿ ಮೂಲಿಮನಿ ಅವರು ತಮ್ಮನ್ನು ‘ಮ್ಯಾಮ್’ ಎಂದು ಸಂಬೋಧಿಸುವಂತೆ ವಕೀಲರಿಗೆ ತಿಳಿಸಿದಾಗ, ಮೇಡಂ ಎಂಬುದರ ಆ ಗಿಡ್ಡ ರೂಪದಲ್ಲಿ ಯಾರಿಗೂ ಕೀಳರ್ಥ ಕೇಳಿಸಲಿಲ್ಲ. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನ ಮುಖ್ಯಸ್ಥೆ ಇಂದಿಗೂ ಮಿಸ್ಟ್ರೆಸ್. ಗಂಡಿನ ಪದವನ್ನೇ ಎಲ್ಲರಿಗೂ ಬಳಸಿದರೆ ಸಾಕಲ್ಲ ಎನ್ನುವವರೂ ಇದ್ದಾರೆ. ಲಂಡನ್ ಸಿಟಿಯ ಮೇಯರ್ ಪೀಠ ಅದನ್ನೂ ಮಾಡಿ ನೋಡಿತು: 1983ರಲ್ಲಿ ಮೇರಿ ಡೊನಾಲ್ಡ್‌ಸನ್, 2013ರಲ್ಲಿ ಫಿಯೋನಾ ವುಲ್ಫ್ ಇಬ್ಬರೂ ‘ಲಾರ್ಡ್ ಮೇಯರ್’ ಎಂದೇ ಕುಳಿತರು, ಏಕೆಂದರೆ ‘ಲೇಡಿ ಮೇಯರೆಸ್’ ಎಂದರೆ ಮೇಯರನ ಹೆಂಡತಿ. 2025ರಲ್ಲಿ ಸೂಸನ್ ಲ್ಯಾಂಗ್ಲಿ ‘ಲೇಡಿ ಮೇಯರ್’ ಎಂಬ ಹೆಸರನ್ನೇ ಆರಿಸಿಕೊಂಡರು. ಗವರ್ನರ್‌ನಂಥ ಲಿಂಗಭಾರವಿಲ್ಲದ ಪದ ಸಾಮಾನ್ಯವಾಗಲಿ. ಲಾರ್ಡ್ ಎಂಬಂಥ ಗಂಡುಪದವನ್ನು ಹೆಂಗಸಿಗೆ ತೊಡಿಸುವುದಕ್ಕಿಂತ ಎಥೆಲ್‌ಫ್ಲೆಡ್‌ಳ ಪದವನ್ನು ಮರಳಿ ತರುವುದೇ ಸರಿ ಎಂಬುದು ನನ್ನ ನಿಲುವು.

ಆದರೂ ‘ಲೇಡಿ’ ಪದದೊಳಗೆ ಇನ್ನೂ ಎರಡು ಪಾಲಿದೆ. ಮಾರ್ಗರೆಟ್ ಥ್ಯಾಚರ್ ಹನ್ನೊಂದು ವರ್ಷ ಪ್ರಧಾನಿಯಾಗಿದ್ದು 1990ರಲ್ಲಿ ಇಳಿದಾಗ ಗಂಡ ಡೆನಿಸ್‌ಗೆ ಬ್ಯಾರೊನೆಟ್ ಪದವಿ ಸಿಕ್ಕಿತು. ಆತನ ಹೆಂಡತಿಯಾಗಿ ಆಕೆ ಲೇಡಿ ಥ್ಯಾಚರ್. 1992ರಲ್ಲಿ ಸ್ವಂತ ಹಕ್ಕಿನಿಂದ ಲಾರ್ಡ್ಸ್ ಸಭೆಗೆ ಸೇರಿ ಮತ್ತೆ ಲೇಡಿ ಥ್ಯಾಚರ್. ಯಾವುದು ಗಂಡನಿಂದ ಬಂದದ್ದು, ಯಾವುದು ಗಳಿಸಿದ್ದು ಎಂದು ಹೆಸರು ಕೇಳಿದವರಿಗೆ ತಿಳಿಯುವಂತಿಲ್ಲ. ನೈಟ್ ಆದವನ ಹೆಂಡತಿ ಲೇಡಿ ಆಗುತ್ತಾಳೆ, ಡೇಮ್ ಆದವಳ ಗಂಡನಿಗೆ ಏನೂ ಇಲ್ಲ. ಹೆಂಗಸಿನ ಬಿರುದು ಗಂಡಸಿನಿಂದ ಹರಿದುಬರುವುದು, ತಾನು ಯಾರಿಗೂ ಕೊಡಲಾರದ್ದು ಎಂಬ ಹಳೆಯ ಎಣಿಕೆ ಕಾನೂನಿನಲ್ಲಿ ಹಾಗೇ ಉಳಿದಿದೆ. 2013ರಲ್ಲಿ ಬ್ರಿಟನ್ ಕಾಯಿದೆ ತಿದ್ದಿ, ಸಿಂಹಾಸನ ಇನ್ನು ಮುಂದೆ ಗಂಡುಹೆಣ್ಣೆನ್ನದೆ ಹಿರಿಯ ಮಗುವಿಗೆ ಎಂದು ಒಪ್ಪಿತು. ಅದೇ ನ್ಯಾಯವನ್ನು ಉಳಿದ ವಂಶಪಾರಂಪರ್ಯ ಬಿರುದುಗಳಿಗೂ ಅನ್ವಯಿಸುವ ಮಸೂದೆಯೊಂದು ಆ ವರ್ಷವೇ ಲಾರ್ಡ್ಸ್ ಸಭೆಯ ಮುಂದೆ ಬಂತು, ಕಾಯಿದೆಯಾಗಲಿಲ್ಲ. ಬಹುಪಾಲು ಡ್ಯೂಕ್, ಅರ್ಲ್, ಬ್ಯಾರನ್ ಮನೆತನಗಳಲ್ಲಿ ಬಿರುದು ಇಂದಿಗೂ ಹಿರಿಮಗಳನ್ನು ದಾಟಿ ಕಿರಿಮಗನಿಗೆ, ಮಗನಿಲ್ಲದಿದ್ದರೆ ದಾಯಾದಿಗೆ ಹೋಗುತ್ತದೆ.